ನೊರೆ ಮಲಗಿಸುವ ಸ್ಪಿರಿಟ್ ಸಾಹೇಬರಿಗೆ

ನಮ್ಮ ಮನೆಯ ಮೂಲೆಯಲ್ಲಿ ಕ್ಯಾನಿನೊಳಗೆ ಬಿಜಯಮಾಡಿರುವ ಮಾನ್ಯ ಸ್ಪಿರಿಟ್ ಸಾಹೇಬರೇ,

ಖಾನಾಪುರದಿಂದ ಬಿಲ್ಕೀಸಳ ಸಲಾಮು. ಮೂರು ದಿನದಿಂದ ನನಗೆ ಒಂದೇ ಕೆಟ್ಟ ಕನಸು: ಗುಡ್ಡದಷ್ಟು ಮುಸುರಿ ಭಾಂಡೆ ಇಟ್ಟುಕೊಂಡು ತಿಕ್ಕುತ್ತಲೇ ಇದ್ದೇನೆ, ಒಂದು ಗುಳ್ಳೆಯೂ ಏಳುತ್ತಿಲ್ಲ, ಹಿಂದೆ ನಿಂತವರು ಸೆರಗು ಬಾಯಿಗಿಟ್ಟು ನಗುತ್ತಿದ್ದಾರೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾವು ನಾಲ್ಕು ಮಂದಿ ಹೆಣ್ಣುಮಕ್ಕಳು ಭಾಂಡೆ ತೊಳೆಯುವ ಲಿಕ್ವಿಡ್ ಮಾಡುವುದು ತಮಗೆ ಗೊತ್ತಿದ್ದದ್ದೇ. ಗುಲಾಬಿ ಸೆಂಟು ಕರಗದೆ ಮೇಲೆ ತೇಲಿದಾಗ ತಮ್ಮನ್ನು ಕರೆದೆವು. ತಾವು ಬಂದು ಸೆಂಟನ್ನು ಕರಗಿಸಿ, ರಾಡಿಯಂತಿದ್ದ ಬಕೆಟ್ಟನ್ನು ತಿಳಿಯಾಗಿಸಿದಿರಿ, ಆ ಉಪಕಾರ ಮರೆಯಲಾರೆವು. ಆದರೆ ಬೆಳಗಾವಿಯ ಶಿವಬಸವ ನಗರದಲ್ಲಿ ಹಾಸ್ಟೆಲಿನ ಮೆಸ್ಸು ನಡೆಸುವ ಕಾಂತಕ್ಕ ನಮ್ಮ ಮೊದಲ ದೊಡ್ಡ ಗಿರಾಕಿಯಾಗಬೇಕಾದವರು. ಅವರ ಎದುರಿಗೇ ನೊರೆಯನ್ನು ಎದ್ದಲ್ಲೇ ಮಲಗಿಸಿದ ತಮ್ಮ ಕೈಚಳಕವನ್ನು ಎಷ್ಟು ಹೊಗಳಲಿ. ತಾಟು ಹೊಳೆದದ್ದು ಖರೇ, ಆದರೆ ನೊರೆ ಕಾಣದೆ ತೊಳೆದ ತಾಟನ್ನು ನಮ್ಮ ಕಡೆ ಯಾರೂ ತೊಳೆದದ್ದೆಂದು ಒಪ್ಪುವುದಿಲ್ಲ. ಇದೇನು ಸೋಪೋ ಗುಲಾಬಿ ಶರಬತ್ತೋ, ಗುರುವಾರ ನೊರಿ ತಗೊಂಡು ಬರ್ರಿ, ಇಲ್ಲಾಂದ್ರ ಬರಾಕ ಹೋಗಬ್ಯಾಡ್ರಿ ಅಂತ ಕಾಂತಕ್ಕ ಅಂದೇಬಿಟ್ಟರು.

ಸಾಯನ್ಸ್ ಓದುವ ನನ್ನ ಮಗಳು ಸನಮ ಎರಡು ಬಾಟಲಿ ಕುಲುಕಿ ತೋರಿಸಿದಳು. ತಾವಿಲ್ಲದ ಬಾಟಲಿಯ ನೊರೆ ಚಹಾ ಕುದಿಸಿ ಸೋಸುವ ತನಕ ನಿಂತಿತ್ತು, ತಾವಿದ್ದದ್ದು ಒಲೆ ಹಚ್ಚುವುದರೊಳಗೆ ಕುಸಿಯಿತು. ಗುಳ್ಳೆಯ ಗೋಡೆಯಲ್ಲಿ ಸೋಪಿನ ಕಣಗಳು ಒತ್ತೊತ್ತಾಗಿ ನಿಂತಿರುತ್ತವಂತೆ, ತಾವು ಮದುವೆ ಪಂಕ್ತಿಯಲ್ಲಿ ಕರೆಯದೆ ನಡುವೆ ಕುಂದರುವವರ ಹಾಗೆ ನುಸುಳಿ ಸಾಲು ಸಡಿಲಿಸುತ್ತೀರಂತೆ. ತಮ್ಮದೇ ಕುಲದ, ಕಾರ್ಬನ್ನಿನ ಉದ್ದ ಬಾಲವಿರುವ ಆಲ್ಕೋಹಾಲುಗಳನ್ನು ಚೂರೇ ಹಾಕಿದರೆ ಅದೇ ನೊರೆಯನ್ನು ಗಟ್ಟಿಯಾಗಿ ನಿಲ್ಲಿಸುತ್ತವಂತೆ. ಅಂಥ ಮನೆತನದಲ್ಲಿ ಹುಟ್ಟಿ ತಾವೊಬ್ಬರು ಹೀಗಾದಿರಲ್ಲ ಎಂದು ನನಗೆ ತಮ್ಮ ತಂದೆತಾಯಿಯದೇ ಚಿಂತೆ.

ಆದಕಾರಣ ಗುರುವಾರದೊಳಗೆ ತಾವು ಒಂದು ಬಾಲ ಬೆಳೆಸಿಕೊಳ್ಳಬೇಕು; ಆಗದಿದ್ದರೆ ನಮ್ಮ ಬೆಳಗಾವಿ ಬಸ್ಸು ದಾರಿಯಲ್ಲಿ ದೇಸೂರ ದಾಟುವಷ್ಟರಲ್ಲಿ ಸೆಂಟನ್ನು ಬಿಟ್ಟು ತಾವೊಬ್ಬರೇ ಸದ್ದಿಲ್ಲದೆ ಆವಿಯಾಗಿ ಇಳಿದುಹೋಗಬೇಕು; ಅದೂ ಆಗದಿದ್ದರೆ ಕಾಂತಕ್ಕ ನೋಡುವಷ್ಟು ಹೊತ್ತಾದರೂ ಉಸಿರು ಬಿಗಿಹಿಡಿದು ಕೂತಿರಬೇಕೆಂದು ಕೈಮುಗಿದು ಕೇಳುತ್ತೇನೆ.

ಗುರುವಾರದ ತನಕ ಮಾತ್ರ ತಮ್ಮ ವಿಶ್ವಾಸಿ,
ಬಿಲ್ಕೀಸ

ತಾ.ಕ.: ನಮಗೆ ಕಲಿಸಿದ ಪದ್ಮವ್ವ ಬಕೆಟ್ಟಿಗೆ ಒಂದೇ ಲೋಟ ಸ್ಪಿರಿಟ್ ಅಂದಿದ್ದರು. ಹಾಕಿದೆನೋ ಇಲ್ಲವೋ ಎಂಬ ಚಿಂತೆಯಲ್ಲಿ ನಾನು ಎರಡು ಹಾಕಿದ್ದು ನೆನಪೈತಿ; ಬಿಲ್ಕೀಸ ಮರೆತಿರಬೇಕೆಂದು ಉಳಿದ ಮೂವರೂ ಒಂದೊಂದು ಸುರಿದದ್ದನ್ನು ಇವತ್ತು ಒಪ್ಪಿಕೊಂಡಿದ್ದಾರೆ. ಸಾಕು ಅಂತ ತಾವಾದರೂ ಒಂದು ಮಾತು ಅನ್ನಬಹುದಿತ್ತು. ಒಟ್ಟು ಐದೋ ಆರೋ, ದಯಮಾಡಿ ಇನ್ನೊಮ್ಮೆ ಎಣಿಸಿ ತಿಳಿಸಿರಿ.