ದೊಡ್ಡತ್ತೆಗೆ ನಾನು ಮಾಡಿದ ಬಸ್ಸಾರು

ತಪ್ಪು ನನ್ನದೇ. ಒಲೆಯದಲ್ಲ, ಸೊಪ್ಪಿನದಲ್ಲ, ಮೊದಲು ಈ ಬಾಯಿಯದು, ಆಮೇಲೆ ಈ ಕೈಯದು. ಯಾರ ದನಿ ಕಿವಿಗೆ ಬಿದ್ದರೂ ಹಾಗೇ ವಾಪಸು ಉಗುಳುವ ಬಾಯಿ ಇದು. ಮದ್ದೂರು ಸ್ಟೇಷನ್ನಿನಲ್ಲಿ ವಡೆ ಮಾರುವವನ ಮೂಗುದನಿ, ಮಳವಳ್ಳಿ ಬಸ್ಸಿನ ಕಂಡಕ್ಟರನ ಸಿಳ್ಳೆ, ಮಾತಿನ ಮಧ್ಯೆ ಸೀನು ತಡೆಯುವ ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಒಂದು ದಿನ ದೊಡ್ಡತ್ತೆಯ ಮುಂದೆ ಅಮ್ಮನ ಅಡುಗೆಯನ್ನೂ ಅಣಕಿಸಿ ತೋರಿಸಿದೆ: ಒಗ್ಗರಣೆಯ ಚಟಪಟ, ಮುದ್ದೆ ತಿರುವುವ ಕೋಲಿನ ಗುದ್ದು, ನಡುನಡುವೆ ಅಪ್ಪನಿಗೆ ಬೈಗುಳ. "ಅಡುಗೆ ಅಂದ್ರೆ ಇಷ್ಟೇ ತಾನೇ?" ಎಂದೂ ಸೇರಿಸಿದೆ.

ದೊಡ್ಡತ್ತೆ ಎಂದರೆ ಪೂರಿಗಾಲಿಯಲ್ಲಿರುವ ಅಪ್ಪನ ಅಕ್ಕ. ಮದ್ದೂರು ಪೇಟೆಯಲ್ಲಿ ಅವರ ಮಳಿಗೆಯೊಂದು ಖಾಲಿ ಬಿದ್ದಿದೆ. ಅಲ್ಲೊಂದು ಮುದ್ದೆ ಹೋಟೆಲು ಇಡಬೇಕೆಂದು ನಾನು ಅವರ ಹಿಂದೆ ಬಿದ್ದಿದ್ದೆ.

"ಅಂಗಾದ್ರೆ ಬರೋ ಭಾನ್ವಾರ ಬತ್ತೀನಿ ಕಣ್ಲಾ," ಎಂದರು. "ಮುದ್ದೆ, ಬಸ್ಸಾರು ನಿನ್ ಕೈಯಾರೆ ಮಾಡಿಕ್ಕು. ರುಚಿಯಾಗಿದ್ರೆ ಮಳಿಗೆ ಬೀಗದ ಕೈ ನಿಂದು. ನಿಮ್ಮವ್ವ ಮಾತ್ರ ಒಲೆ ಮುಂದೆ ಬರಂಗಿಲ್ಲ!"

ಭಾನುವಾರ ಬೆಳಗಿನಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ. ದಂಟಿನ ಸೊಪ್ಪು ಸೋಸಿ, ತೊಳೆದು, ಹೆಚ್ಚಿ, ಅಲಸಂದೆ ಕಾಳಿನ ಜೊತೆ ಬೇಯಿಸಿದೆ. ಬಸ್ಸಾರಿನ ಸೊಗಸೇ ಅದು. ಬೆಂದದ್ದನ್ನು ಬಸಿದಾಗ ಇಳಿಯುವ ನೀರೇ ಕಟ್ಟು; ಅದಕ್ಕೆ ಮಸಾಲೆ ಕಲಸಿ ಕುದಿಸಿದರೆ ಸಾರು, ಮಿಕ್ಕ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಬಸಿದು ಕಟ್ಟನ್ನು ಪಕ್ಕಕ್ಕಿಟ್ಟೆ. ಒಗ್ಗರಣೆ ಹಾಕಿದೆ, ಅದರ ಚಟಪಟವನ್ನು ಬಾಯಲ್ಲೂ ಹಾಕಿದೆ. ಮುದ್ದೆ ಒಂದು ಗಂಟಿಲ್ಲದೆ ಬಂತು! ಸಂಡಿಗೆ ಮಲ್ಲಿಗೆಯ ಹಾಗೆ ಅರಳಿತು! ಹೋಟೆಲಿನ ಬೋರ್ಡಿಗೆ ಯಾವ ಬಣ್ಣ ಎನ್ನುವುದನ್ನೂ ಮನಸ್ಸಿನಲ್ಲೇ ಆರಿಸಿಬಿಟ್ಟೆ.

ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತ ಸದ್ದು. ಅಡುಗೆಮನೆ ನೋಡಿದರೆ ರಣರಂಗ. ಈ ಮನೆಯಲ್ಲಿ ಇಷ್ಟು ವರ್ಷ ನನ್ನನ್ನು ನಂಬಿ ಕೊಟ್ಟಿದ್ದ ಅಡುಗೆ ಕೆಲಸ ಒಂದೇ: ಸೊಪ್ಪು ತೊಳೆದ ನೀರನ್ನು ಹಿತ್ತಲ ಕರಿಬೇವಿನ ಗಿಡಕ್ಕೆ ಸುರಿಯುವುದು. ಗಡಿಬಿಡಿಯಲ್ಲಿ ಕೈ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿತು. ನೀರು ಕಂಡ ಪಾತ್ರೆಗಳನ್ನೆಲ್ಲ ಒಯ್ದು ಗಿಡದ ಬುಡಕ್ಕೆ ಸುರಿದು ಬಂದೆ.

ದೊಡ್ಡತ್ತೆ ಎಲೆ ಮುಂದೆ ಕೂತರು. ಮುದ್ದೆಯ ನೆತ್ತಿಗೆ ಬೆರಳಿನಿಂದ ಗುಂಡಿ ಮಾಡಿ ಕಾದರು. ನಾನು ರುಬ್ಬಿದ ಮಸಾಲೆ ಹಿಡಿದು ಕಟ್ಟಿನ ಪಾತ್ರೆ ಹುಡುಕುತ್ತಿದ್ದೆ. ಸಿಕ್ಕಿತು. ಖಾಲಿ.

"ಸಾರೆಲ್ಲಿ ಲಾ?"

ಅಮ್ಮ ಕಿಟಕಿಯಿಂದ ಹಿತ್ತಲಿಗೆ ಇಣುಕಿ ಸೆರಗು ಬಾಯಿಗೊತ್ತಿಕೊಂಡಳು. "ಅಯ್ಯೋ, ಗಿಡದ ಬುಡದಲ್ಲಿ ಅಲಸಂದೆ ಕಾಳು ಬಿದ್ದವೆ ಕಣಕ್ಕಾ!"

ನನ್ನ ಗಂಟಲಿನ ಬಾಡಿಗೆದಾರರೆಲ್ಲ ಒಟ್ಟಿಗೇ ಮನೆ ಖಾಲಿ ಮಾಡಿದರು. ಉಳಿದಿದ್ದ ಸ್ವಂತ ದನಿಯಲ್ಲಿ, ಅದೂ ಕೀರಲಾಗಿ, ಕೇಳಿದೆ: "ಪಲ್ಯ ಚೆನ್ನಾಗೈತಲ್ವಾ ದೊಡ್ಡತ್ತೆ? ಬೀಗದ ಕೈ...?"

ದೊಡ್ಡತ್ತೆ ಸೊಂಟದಿಂದ ಬೀಗದ ಕೈ ತೆಗೆದರು. ನಾನು ಕೈ ಚಾಚಿದೆ. ಅದನ್ನು ಹಿತ್ತಲ ಕಡೆಗೆ ಆಡಿಸಿ ಹೇಳಿದರು:

"ಇದ್ನ ಆ ಕರಿಬೇವಿನ ಗಿಡಕ್ಕೇ ಕಟ್ಬುಟ್ಟು ಓಯ್ತೀನಿ ಬುಡ್ಲಾ. ನಿನ್ ಬಸ್ಸಾರಿನ ರುಚಿ ಗೊತ್ತಿರೋದು ಅದೊಂದ್ಕೇ."