ಅಪ್ಪನ ಹನ್ನೊಂದು ಪುಟ

ಮನೆಯ ಕಂಪ್ಯೂಟರ್ ಕೆಟ್ಟಾಗ ಜನ ಸಾಮಾನ್ಯವಾಗಿ ಮೊದಲು ಅದರ ತಲೆಗೆ ಒಂದು ಏಟು ಹಾಕುತ್ತಾರೆ. ಆಮೇಲೆ ಮನೆಯವರನ್ನು ಸಾಲಾಗಿ ಕರೆದು 'ಇದನ್ನು ಮುಟ್ಟಿದ್ದು ಯಾರು' ಎಂದು ವಿಚಾರಣೆ ಮಾಡುತ್ತಾರೆ. ನಾನು ಎರಡನ್ನೂ ಮಾಡಲಿಲ್ಲ. ನಮ್ಮ ಕಂಪ್ಯೂಟರ್ ಏಳದೆ ಮಲಗಿಕೊಂಡ ಬೆಳಿಗ್ಗೆ ನಾನು ಇನ್ನೊಂದು ಲೋಟ ಕಾಫಿ ಕೇಳಿ ಕುಡಿದೆ. ಗುಂಡಿ ಒತ್ತಿದರೆ ಒಳಗೆ ಫ್ಯಾನು ತಿರುಗುತ್ತಿತ್ತು, ಮೂರು ಸಲ ಕುಂಯ್ ಎನ್ನುತ್ತಿತ್ತು, ಪರದೆ ಮಾತ್ರ ಕಪ್ಪಗೆ ಕೂತಿತ್ತು. ಐದು ಸಲ ಒತ್ತಿ ನೋಡಿದೆ. ಐದು ಸಲವೂ ಅದು ಏಳಲಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಮನಸ್ಸಿಗೆ ಒಂದು ಬಗೆಯ ನೆಮ್ಮದಿ ಬಂತು. ಇಂಥ ನೆಮ್ಮದಿ ಬರಬೇಕಾದರೆ ಮನುಷ್ಯ ಮೊದಲು ಏನಾದರೊಂದು ಕೆಟ್ಟ ಕೆಲಸ ಮಾಡಿರಬೇಕು. ನಾನು ಮಾಡಿದ್ದೆ.

ಆಗ ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಾವು ರಾಮಕೃಷ್ಣನಗರದಲ್ಲಿದ್ದೆವು. ನಾನು ಒಂದು ಕಾಲೇಜಿನ ಲೈಬ್ರೇರಿಯನ್. ಅಂದರೆ ಯಾರೂ ಓದದ ಪುಸ್ತಕಗಳಿಗೆ ನಂಬರು ಹಚ್ಚಿ ಕಾಯುವವನು. ಅಪ್ಪ ನಮ್ಮ ಜೊತೆಗೇ ಇದ್ದರು. ಸರ್ಕಾರಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಟೈಪಿಸ್ಟ್ ಆಗಿದ್ದವರು. ಬೇರೆಯವರ ಪತ್ರಗಳನ್ನು ಟೈಪ್ ಮಾಡಿ ಮಾಡಿ ಅವರಿಗೆ ತಮ್ಮದೇ ಒಂದು ಮಾತು ಉಳಿದಿದೆಯೆಂದು ನಿವೃತ್ತಿಯಾದ ಮೇಲೆ ಹೊಳೆಯಿತು. ಹೊಳೆಯುವ ಹೊತ್ತಿಗೆ ಕಣ್ಣಿನ ನರ ಬತ್ತುತ್ತಾ ಬಂದು, ಕಿಟಕಿ ಎಲ್ಲಿದೆ ಎನ್ನುವಷ್ಟು ಬೆಳಕು ಮಾತ್ರ ಕಾಣುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ, "ಪ್ರಭು, ನಾನು ಹೇಳ್ತಾ ಹೋಗ್ತೀನಿ, ನೀನು ಆ ಕಂಪ್ಯೂಟರ್‌ನಲ್ಲಿ ಹೊಡ್ಕೊಂಡು ಹೋಗ್ತೀಯಾ? ದಿವಸಕ್ಕೆ ಒಂದು ಗಂಟೆ ಸಾಕು" ಎಂದರು. ಕೇಳುವಾಗ ಅವರ ದನಿ ರಜಾ ಅರ್ಜಿ ಕೊಡುವವನ ದನಿಯ ಹಾಗಿತ್ತು. ನಾನು ಧಾರಾಳವಾಗಿ ಒಪ್ಪಿಕೊಂಡೆ. ಒಪ್ಪಿಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಧಾರಾಳಿ.

ಸಂಜೆ ಆರರಿಂದ ಏಳು. ಅಪ್ಪ ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತು, ಸಾಹೇಬರು ಹೇಳಿ ಬರೆಸುವ ಗತ್ತಿನಲ್ಲಿ ಶುರು ಮಾಡುತ್ತಿದ್ದರು. "ನಮ್ಮ ವಂಶದ ಮೂಲಪುರುಷರು ಮಠದ ಉಗ್ರಾಣದ ಲೆಕ್ಕ ಬರೆಯುತ್ತಿದ್ದವರು, ಫುಲ್‌ಸ್ಟಾಪ್. ಅವರಿಗೆ ಐವರು ಮಕ್ಕಳು, ಕಾಮಾ." ಮೂಲಪುರುಷರಿಗೆ ಐವರು, ಆ ಐವರಿಗೆ ತಲಾ ಏಳೆಂಟು. ಕನ್ನಡದ ಟೈಪಿಂಗ್ ನನಗೆ ಆಗ ಹೊಸದು. ಒಂದೊಂದು ಒತ್ತಕ್ಷರಕ್ಕೂ ಕೀಬೋರ್ಡಿನ ಮೇಲೆ ಕಳೆದುಹೋದ ಚಪ್ಪಲಿ ಹುಡುಕಿದ ಹಾಗೆ ಹುಡುಕಬೇಕಿತ್ತು. ಹನ್ನೊಂದು ದಿನ ಹೇಗೋ ಹೊಡೆದೆ. ಹನ್ನೆರಡನೆಯ ದಿನ ಬೆರಳಿಗೆ ಸ್ವಲ್ಪ ವಿಶ್ರಾಂತಿ ಕೊಡೋಣವೆಂದು ಕಂಪ್ಯೂಟರಿನಲ್ಲಿದ್ದ ಇಸ್ಪೀಟಾಟ ತೆರೆದೆ. ಅಪ್ಪ ಹೇಳುತ್ತಲೇ ಇದ್ದರು. ನಾನು "ಹೂಂ" ಎಂದೆ. ಅವರು ಮುಂದಿನ ವಾಕ್ಯಕ್ಕೆ ಹೋದರು. ಅಷ್ಟು ಸುಲಭವಾಗಿತ್ತು ಅದು.

ಹದಿನಾಲ್ಕು ತಿಂಗಳು ಹಾಗೇ ನಡೆಯಿತು. ದಿನವೂ 'ನಾಳೆಯಿಂದ ಹೊಡೆಯುತ್ತೇನೆ' ಎಂದುಕೊಳ್ಳುತ್ತಿದ್ದೆ. ಹೆಂಡತಿ ಗಿರಿಜೆಗೆ ಗೊತ್ತಿತ್ತು. ಕಾಫಿ ತಂದಿಟ್ಟಾಗ ಪರದೆಯ ಮೇಲೆ ಆಟೀನು ರಾಣಿ ಕಾಣಿಸಿದರೆ ಅವಳು ಲೋಟವನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು. ಒಂದು ಸಲ ಅಡುಗೆಮನೆಯಲ್ಲಿ, "ಮಾವನೋರಿಗೆ ಕಣ್ಣು ಕಾಣಲ್ಲ ಅಂತ ನಿಮಗೆ ಎಷ್ಟು ಅನುಕೂಲ ಆಗೋಯ್ತು ನೋಡಿ" ಎಂದಳು. ಆ ರಾತ್ರಿ ನಾನು ಅವಳೊಡನೆ ಮಾತು ಬಿಟ್ಟೆ. ತಪ್ಪು ಮಾಡಿದಾಗ ಮೊದಲು ಸಿಟ್ಟು ಮಾಡಿಕೊಳ್ಳುವುದು ನನ್ನ ಕ್ರಮ.

ಅಷ್ಟರಲ್ಲಿ ನನ್ನ ಅಕ್ಕ ಸುಮಿತ್ರ ನಡುವೆ ಬಂದಳು. ಅವಳು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಮನೆಗೆ ಬಂದರೂ ನಾವೆಲ್ಲ ಬೆಂಚಿನ ಮೇಲೆ ಕೂತಿದ್ದೇವೆಂದೇ ಭಾವಿಸುತ್ತಾಳೆ. "ಅಪ್ಪಂಗೆ ಎಂಬತ್ತು ತುಂಬುತ್ತೆ. ಆ ದಿವಸ ಇದನ್ನ ಪುಸ್ತಕ ಮಾಡಿ ಎಲ್ಲರಿಗೂ ಹಂಚೋಣ. ಪ್ರೆಸ್ಸಿನೋರ ಹತ್ರ ಮಾತಾಡಿದೀನಿ. ಮುಂದಿನ ವಾರ ಎಲ್ಲಾ ಫ್ಲಾಪಿಗೆ ಹಾಕ್ಕೊಡು" ಎಂದಳು. ಹದಿನಾಲ್ಕು ತಿಂಗಳ ಮಾತನ್ನು ಏಳು ದಿನದಲ್ಲಿ ಎಲ್ಲಿಂದ ತರಲಿ? ಆ ವಾರ ನನಗೆ ಅನ್ನ ಸೇರಲಿಲ್ಲ. ಸರಿಯಾಗಿ ಆರನೆಯ ದಿನ ಬೆಳಿಗ್ಗೆ ಕಂಪ್ಯೂಟರ್ ಮೂರು ಸಲ ಕುಂಯ್ ಎಂದು ಸುಮ್ಮನಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗಿರಿಜೆ ಹೇಳಿದಳು: "ನಿಮ್ಮ ಪುಣ್ಯ ಕಣ್ರೀ."

ಫೋನಿನಲ್ಲಿ ಅಕ್ಕನಿಗೆ ಸುದ್ದಿ ಹೇಳುವಾಗ ನನ್ನ ದನಿ ನಿಜವಾಗಿಯೂ ನಡುಗಿತು. ಖುಷಿಗೂ ದನಿ ನಡುಗುತ್ತದೆ ಎಂಬುದು ಆಗ ಗೊತ್ತಾಯಿತು. "ಮದರ್‌ಬೋರ್ಡ್ ಸುಟ್ಟೋಗಿದೆ ಅಂತ ಕಾಣುತ್ತಕ್ಕ. ಎಲ್ಲಾ ಹೋಯ್ತು" ಎಂದೆ. ಮದರ್‌ಬೋರ್ಡ್ ಎಂದರೆ ಏನೆಂದು ನನಗೂ ಗೊತ್ತಿರಲಿಲ್ಲ. ಅವಳು ಅತ್ತಳು. ಅಳುತ್ತಲೇ, ಅಪ್ಪನ ಬರಹ ವಾಪಸ್ಸು ಬಂದರೆ ಚಾಮುಂಡಿ ಬೆಟ್ಟವನ್ನು ಮೆಟ್ಟಿಲು ಹತ್ತಿಕೊಂಡೇ ಬರುತ್ತೇನೆಂದು ಹರಕೆ ಹೊತ್ತಳು. ಅಳು ಮುಗಿಸಿ ಗಣಿತದ ಮೇಡಂ ಆದಳು. "ಉದಯಗಿರೀಲಿ ಇಲಿಯಾಸ್ ಅಂತ ಒಬ್ಬರಿದಾರಂತೆ. ಮೊದಲು ರೇಡಿಯೋ ರಿಪೇರಿ ಮಾಡ್ತಿದ್ರಂತೆ. ಅವರ ಕೈಗೆ ಹೋದದ್ದು ಸಾಯಲ್ಲ ಅಂತ ನಮ್ಮ ಸ್ಟಾಫ್ ರೂಮಲ್ಲಿ ಹೇಳ್ತಾರೆ. ರೆಡಿ ಇರು, ಆಟೋ ತರ್ತೀನಿ."

ಆಟೋದಲ್ಲಿ ಆ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಒಂದೊಂದು ಹಂಪು ಬಂದಾಗಲೂ ಅಕ್ಕ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದಳು. ನಾನು ಮಾತ್ರ, ಡ್ರೈವರು ಇನ್ನಷ್ಟು ವೇಗವಾಗಿ ಹೋಗಬಾರದೇ ಎಂದು ಹಾರೈಸುತ್ತಿದ್ದೆ.

ಇಲಿಯಾಸ್ ಐವತ್ತರ ಆಸುಪಾಸಿನವರು. ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯ ಮೇಲೆ ಪೆನ್ಸಿಲ್. ಡಬ್ಬ ಬಿಚ್ಚಿದರು. ಒಳಗೆ ನಮ್ಮ ಮನೆಯ ಎಲ್ಲ ಮೂಲೆಗಳ ಧೂಳು ಒಟ್ಟಾಗಿ ಸೇರಿತ್ತು, ಜೊತೆಗೆ ಎರಡು ಹಲ್ಲಿಮೊಟ್ಟೆ. ಅವರು ಬೇಸರಪಟ್ಟುಕೊಳ್ಳದೆ ಬ್ರಶ್ಶಿನಿಂದ ಗುಡಿಸಿ, ಬೆರಳುದ್ದದ ಒಂದು ಪಟ್ಟಿಯನ್ನು ಕಿತ್ತು, ಶಾಲೆಯ ಮಕ್ಕಳು ಬಳಸುವ ರಬ್ಬರಿನಿಂದ ಅದರ ಅಂಚನ್ನು ತಿಕ್ಕಿ ಮತ್ತೆ ಸಿಕ್ಕಿಸಿದರು. ಕುಂಯ್ ಎನ್ನುವುದು ನಿಂತಿತು. ಪರದೆಗೆ ಬೆಳಕು ಬಂತು. ಅಷ್ಟರಲ್ಲಿ ಒಳಗಿನಿಂದ ಟಕ್, ಟಕ್ ಎಂದು ಸದ್ದು ಶುರುವಾಗಿ ಪರದೆ ಮತ್ತೆ ನಿಂತಿತು. ಇಲಿಯಾಸ್ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಹಾರ್ಡ್‌ಡಿಸ್ಕಿಗೂ ಇನ್ನೊಂದನ್ನು ಕಿವಿಗೂ ಇಟ್ಟುಕೊಂಡು ಡಾಕ್ಟರ ಹಾಗೆ ಆಲಿಸಿದರು.

"ಬರೆದದ್ದೆಲ್ಲಾ ಇರೋದು ಇದರೊಳಗೇ ಸಾರ್. ಇದು ತಲೆ ತಲೆ ಚಚ್ಕೋತಿದೆ."

"ಹೋಯ್ತಾ?" ಎಂದೆ. ನನ್ನ ದನಿಯಲ್ಲಿದ್ದ ಆಸೆಯನ್ನು ಅವರು ದುಃಖವೆಂದು ತಿಳಿದರು.

"ಯಾಕ್ ಸಾರ್ ಧೈರ್ಯ ಬುಡ್ತೀರ? ತಂದೆಯೋರ ಮಾತು ಅಂತೀರಿ. ಅಂಗೆಲ್ಲಾ ಸುಲಭಕ್ಕೆ ಬುಟ್ಬುಡಕ್ಕಾಗಲ್ಲ. ಎರಡು ವಾರ ಟೈಮ್ ಕೊಡಿ."

ಆ ಎರಡು ವಾರ ನಾನು ದಿನವೂ ಫೋನ್ ಮಾಡಿದೆ. ಆಗಲಿಲ್ಲ ಎಂಬ ಮಾತು ಕೇಳಲು. ಅವರು ಮಾತ್ರ ದಿನವೂ ಒಂದೊಂದು ಹೊಸ ಪ್ರಯತ್ನ ಹೇಳುತ್ತಿದ್ದರು. ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಸ್ವಲ್ಪ ಸ್ವಲ್ಪವೇ ನಕಲು ತೆಗೆಯುತ್ತಿದ್ದಾರಂತೆ. ಬಿಸಿಯಾದರೆ ಅದು ನಿಂತುಹೋಗುತ್ತದಂತೆ. ಅದಕ್ಕೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮನೆಯ ಫ್ರಿಜ್ಜಿನಲ್ಲಿ, ಹಾಲಿನ ಪಾಕೆಟ್ಟುಗಳ ಪಕ್ಕ ಇಟ್ಟಿದ್ದಾರಂತೆ. "ನಿಮ್ಮಂಥ ಮಗನ್ನ ನಾನು ನೋಡಿಲ್ಲ ಸಾರ್. ದಿನಾ ಕೇಳ್ತೀರಿ" ಎಂದರು. ಆ ಮನುಷ್ಯನನ್ನು ನಾನು ಮನಸಾರೆ ದ್ವೇಷಿಸತೊಡಗಿದೆ.

ಹದಿನಾಲ್ಕನೆಯ ದಿನ ಅವರೇ ಫೋನ್ ಮಾಡಿದರು. "ಸಾರ್, ಬಂದ್ಬುಡಿ. ಒಂದಕ್ಷರಾನೂ ಹೋಗಿಲ್ಲ."

ಅಕ್ಕ ಮೈಸೂರುಪಾಕಿನ ಡಬ್ಬ ಹಿಡಿದುಕೊಂಡೇ ಬಂದಳು. ಅಂಗಡಿಯಲ್ಲಿ ಅವಳಿಗೆ ಕುರ್ಚಿ ಹಾಕಿದರು. ಇಲಿಯಾಸ್ ಪರದೆಯ ಮೇಲೆ 'ಅಪ್ಪ' ಎಂಬ ಹೆಸರಿನ ಫೋಲ್ಡರ್ ತೆರೆದರು. ಅದರಲ್ಲಿ ಒಂದೇ ಒಂದು ಫೈಲು. ತೆರೆದರೆ ಹನ್ನೊಂದು ಪುಟ. ಮೂಲಪುರುಷರು, ಐವರು ಮಕ್ಕಳು, ಮೂರನೆಯವರ ಎರಡನೆಯ ಹೆಂಡತಿ, ಅಲ್ಲಿಗೆ ನಿಂತಿತ್ತು.

"ಉಳಿದದ್ದು?" ಎಂದಳು ಅಕ್ಕ. "ಒಂದಕ್ಷರಾನೂ ಹೋಗಿಲ್ಲ ಅಂದ್ರಲ್ಲ?"

ಇಲಿಯಾಸ್ ಬೇರೆಡೆ ಹುಡುಕಿದರು. ಮತ್ತೆ ಆ ಫೈಲಿಗೇ ಬಂದು, ಅದನ್ನು ಕೊನೆಯ ಸಲ ಬರೆದ ತಾರೀಕು ನೋಡಿದರು. ಅದು ಹದಿನಾಲ್ಕು ತಿಂಗಳ ಹಿಂದಿನದು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ ಗೊತ್ತಿಲ್ಲ, ನಾನು ಅವರ ಮೇಜಿನ ಮೇಲಿದ್ದ ರಬ್ಬರನ್ನು ನೋಡುತ್ತಿದ್ದೆ. ಅವರು ಫೈಲು ಮುಚ್ಚಿ ಅಕ್ಕನ ಕಡೆ ತಿರುಗಿದರು.

"ತಪ್ಪು ನಂದೇ ಮೇಡಂ. ಸರಿಯಾಗಿ ನೋಡದೆ ಹೇಳ್ಬುಟ್ಟೆ. ಡಿಸ್ಕು ಪೂರಾ ಹಾಳಾಗಿತ್ತು, ನನ್ನ ಕೈಲಿ ಉಳಿಸಕ್ಕಾಗಿದ್ದು ಇಷ್ಟೇ. ಮಾಫ್ ಮಾಡ್ಬುಡಿ."

ಬಾಯಿ ತೆರೆಯಲು ಅದು ಸರಿಯಾದ ಸಮಯವಾಗಿತ್ತು. ನಾನು ತೆರೆದೆ ಕೂಡ. ತೆರೆದು, "ಪಾಪ, ಅವರೂ ಕೈಲಾದದ್ದು ಮಾಡಿದಾರೆ, ಬಿಡಕ್ಕ" ಎಂದೆ. ಇಡೀ ಪ್ರಕರಣದಲ್ಲಿ ಈ ಒಂದು ವಾಕ್ಯ ನೆನಪಾದಾಗ ಮಾತ್ರ ನನಗೆ ಇವತ್ತಿಗೂ ಮೈಯೆಲ್ಲ ಮುಳ್ಳಾಗುತ್ತದೆ. ಅಕ್ಕ ಮೈಸೂರುಪಾಕಿನ ಡಬ್ಬವನ್ನು ಮೇಜಿನ ಮೇಲಿಟ್ಟು, ಕಣ್ಣೊರೆಸಿಕೊಂಡು ಆಟೋ ಕರೆಯಲು ಹೋದಳು. ಇಲಿಯಾಸ್ ಆ ಹನ್ನೊಂದು ಪುಟ ತುಂಬಿದ ಸಿ.ಡಿ.ಯನ್ನು ಕವರಿಗೆ ಹಾಕಿ ನನ್ನ ಕೈಗೆ ಕೊಡುತ್ತಾ ಮೆಲ್ಲಗೆ ಹೇಳಿದರು: "ತಂದೆಯೋರು ಇನ್ನೂ ಇದಾರಲ್ಲ ಸಾರ್. ಹೋಗಿ ಕೂತ್ಕೊಳ್ಳಿ."

ಅಕ್ಕ ಹರಕೆ ತೀರಿಸಿದಳು. ಹನ್ನೊಂದು ಪುಟ ಬಂದಿದ್ದಕ್ಕೆ ಎಷ್ಟು ಮೆಟ್ಟಿಲು ಹತ್ತಬೇಕು ಎಂದು ಲೆಕ್ಕದ ಮೇಡಂ ಲೆಕ್ಕ ಹಾಕಲಿಲ್ಲ. ಮಂಡಿನೋವಿಗೆ ಪಟ್ಟಿ ಕಟ್ಟಿಕೊಂಡು ಸಾವಿರ ಮೆಟ್ಟಿಲನ್ನೂ ಹತ್ತಿದಳು. ನಾನು ಬಸ್ಸಿನಲ್ಲಿ ಹೋಗಿ ಮೇಲೆ ಕಾದಿದ್ದು ಪ್ರಸಾದ ತೆಗೆದುಕೊಂಡೆ.

ಬೆಟ್ಟದಿಂದ ಬಂದ ದಿನ ಸಂಜೆ ಆರಕ್ಕೆ ಅಪ್ಪ ಎಂದಿನಂತೆ ಕುರ್ಚಿಯಲ್ಲಿದ್ದರು. ಕಂಪ್ಯೂಟರ್ ಇದ್ದ ಮೇಜು ಬರಿದಾಗಿತ್ತು. ನಾನು ಹೋಗಿ ಕೂತೆ. ಮೂರು ಸಲ ಗಂಟಲು ಸರಿಮಾಡಿಕೊಂಡೆ.

"ಅಪ್ಪ, ಡಿಸ್ಕಲ್ಲಿ ಹನ್ನೊಂದು ಪುಟ ಮಾತ್ರ ಸಿಕ್ತು."

"ಸುಮಿತ್ರ ಹೇಳಿದಳು. ಸರಿಯಾಗೇ ಇದೆಯಲ್ಲ. ಇದ್ದದ್ದೇ ಹನ್ನೊಂದು" ಎಂದರು ಅಪ್ಪ.

ನನ್ನ ಕೈ ಮೇಜಿನ ಮೇಲೆ ಕೀಬೋರ್ಡ್ ಇರುತ್ತಿದ್ದ ಜಾಗವನ್ನು ಸವರಿತು.

"ಮೂವತ್ತೆರಡು ವರ್ಷ ಟೈಪ್ ಹೊಡೆದೋನು ಕಣೋ ನಾನು. ಅಕ್ಷರ ಬೀಳೋ ಸದ್ದು ಯಾವುದು, ಟಿಕ್ ಟಿಕ್ ಅಂತ ಆ ನಿನ್ನ ಮೌಸು ಇಲಿ ಥರ ಕಡಿಯೋ ಸದ್ದು ಯಾವುದು ಅಂತ ಗೊತ್ತಾಗಲ್ವಾ? ಮೊದಲು ಒಂದೆರಡು ದಿವಸ ಬೇಜಾರಾಯ್ತು. ಆಮೇಲೆ ಒಂಥರಾ ಹಗುರ ಆಯ್ತು. ಇವನೂ ಬರ್ಕೊಳ್ತಿಲ್ಲ, ಯಾರೂ ಓದಲ್ಲ ಅಂದ್ಮೇಲೆ ಯಾಕೆ ಆ ಮೂಲಪುರುಷರ ಪುರಾಣ ಅಂತ, ನಂದೇ ನಿಜ ಹೇಳೋಕೆ ಶುರು ಮಾಡಿದೆ. ನಿಮ್ಮಮ್ಮನ ಹತ್ರಾನೂ ಹೇಳದೇ ಇದ್ದದ್ದು. ಫುಲ್‌ಸ್ಟಾಪ್, ಕಾಮಾ ಹೇಳೋದೂ ಬಿಟ್ಟೆ. ಅದೂ ನಿಂಗೆ ಗೊತ್ತಾಗಲಿಲ್ಲ."

"ಇನ್ನೊಂದು ಸಲ ಹೇಳಿ ಅಪ್ಪ" ಎಂದೆ. "ಬರ್ಕೊಳ್ಳಲ್ಲ. ಸುಮ್ನೆ ಕೇಳ್ತೀನಿ."

ಅಪ್ಪ ನನ್ನ ಕಡೆ ಮುಖ ತಿರುಗಿಸಿದರು. ಸಿಟ್ಟೇನೂ ಇರಲಿಲ್ಲ. "ಈಗ ನೀನು ಕೇಳ್ತೀಯ ಅಂತ ನಂಗೆ ಗೊತ್ತಲ್ಲೋ. ಇನ್ನು ಹೇಳೋಕಾಗಲ್ಲ" ಎಂದು ಗಿರಿಜೆಯನ್ನು ಕರೆದು ಕಾಫಿ ಕೇಳಿದರು.

ಎಂಬತ್ತು ತುಂಬಿದ ಮರುವರ್ಷ ಅವರು ಹೋದರು. ಅಲ್ಲಿಯವರೆಗೆ ದಿನವೂ ಆರಕ್ಕೆ ಹೋಗಿ ಕೂರುತ್ತಿದ್ದೆ. ಅವರು ಹವಾಮಾನ, ಹಾಲಿನ ದರ, ಕಾಲುನೋವು ಮಾತಾಡಿದರು. ಆ ಹದಿನಾಲ್ಕು ತಿಂಗಳ ಮಾತುಗಳಲ್ಲಿ ನನ್ನ ಕಿವಿಗೆ ಆಕಸ್ಮಿಕವಾಗಿ ಬಿದ್ದು ಉಳಿದದ್ದು ಮೂರು ಚೂರು. ಹಳದಿ ಛತ್ರಿ ಹಿಡಿದ ಯಾರೋ ಒಬ್ಬರು. ಕಚೇರಿಯಲ್ಲಿ ತಪ್ಪು ಹೊಡೆದು ಹರಿದುಹಾಕಿದ ಒಂದು ಪತ್ರ. 'ಆಮೇಲೆ ನಾನು ಆ ಬೀದಿಗೆ ಹೋಗಲಿಲ್ಲ' ಎಂಬ ಒಂದು ವಾಕ್ಯ. ಯಾವ ಬೀದಿ, ಯಾಕೆ ಹೋಗಲಿಲ್ಲ, ಗೊತ್ತಿಲ್ಲ. ಇದನ್ನು ಇಲಿಯಾಸರ ಫ್ರಿಜ್ಜಿನಲ್ಲಿಟ್ಟರೂ ಬರುವುದಿಲ್ಲ.

ಅಕ್ಕ ಈಗಲೂ ನೆಂಟರ ಮುಂದೆ, "ನಮ್ಮ ಪ್ರಭು ಒಂದು ದಿವಸಾನೂ ತಪ್ಪಿಸದೆ ಅಪ್ಪನ ಪಕ್ಕ ಕೂತು ಬರ್ಕೊಂಡ, ಪಾಪ, ಆ ಹಾಳು ಮಿಷನ್ನು ಕೈಕೊಟ್ಟುಬಿಡ್ತು" ಎನ್ನುತ್ತಾಳೆ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಅಷ್ಟೂ ಕೇಳಿಸ್ಕೊಂಡಿದೀಯ. ನೆನಪಿದ್ದಷ್ಟನ್ನಾದ್ರೂ ಬರಿಯೋ" ಎನ್ನುತ್ತಾಳೆ. ಕೊನೆಗೂ ಅವಳ ಮಾತಿಗೆ ಕಟ್ಟುಬಿದ್ದು ಬರೆಯಲು ಕೂತೆ. ಬರೆದು ಮುಗಿಸಿ ಓದಿ ನೋಡಿದರೆ, ಅಪ್ಪನ ಬಗ್ಗೆ ಎಂದು ಶುರು ಮಾಡಿದ್ದರಲ್ಲಿ ಅಪ್ಪನದು ನಾಲ್ಕು ಮಾತಿದೆ, ಮಿಕ್ಕಿದ್ದೆಲ್ಲ ನನ್ನದೇ.