ಮರೆಗುಳಿ ಮಹಾಶಯರೇ, ಕಣ್ಣು ಬಿಟ್ಟು ನೋಡಿ!

"ಅಮ್ಮಾ, ಅಪ್ಪಂಗೆ ತನ್ನ ಕಿಟಕಿ ಯಾವುದು ಅಂತ ತನಗೇ ಗೊತ್ತಾಗಲ್ವಾ?"

ಆರು ವರ್ಷದ ಪುಟ್ಟಿ ಹೀಗೆ ಕೇಳಿದಾಗ ನಾನು ಅಡುಗೆಮನೆಯ ಡಬ್ಬಿಗಳಿಗೆ ಹೊಸ ಚೀಟಿ ಅಂಟಿಸುತ್ತಿದ್ದೆ. ಭಾನುವಾರದ ಮಧ್ಯಾಹ್ನ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ನಮ್ಮ ಮನೆಯವರು ತಲೆ ಕೆರೆದುಕೊಳ್ಳುತ್ತಿದ್ದರು. ಪರದೆಯ ತುಂಬ, ಮಷೀನುಗಳಿಗೆ ಅಪ್ಪಣೆ ಟೈಪ್ ಮಾಡುವ ಎಂಟು ಕಪ್ಪು ಕಿಟಕಿಗಳು. ಎಂಟೂ ಒಂದೇ ಅಚ್ಚು, ಹೆತ್ತ ತಾಯಿಗೂ ಗುರುತು ಸಿಗದು! ಎಂಟರ ನೆತ್ತಿಯ ಮೇಲೂ 'ಟರ್ಮಿನಲ್' ಎಂಬ ಒಂದೇ ಪದ.

ಮಗುವಿನ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ಇವರು ನಗರದ ಬಸ್ ಕಂಪನಿಯ ಕಂಪ್ಯೂಟರ್ ವಿಭಾಗದವರು. ಸ್ಟಾಪುಗಳಲ್ಲಿ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಮಿನುಗುವ ಬೋರ್ಡುಗಳಿವೆಯಲ್ಲ, ಅವಕ್ಕೆ ವೇಳೆ ಹೇಳಿಕೊಡುವ ದೊಡ್ಡ ಮಷೀನು ಇವರ ಸುಪರ್ದಿಯಲ್ಲಿದೆ. ಹೊಸದೇನನ್ನಾದರೂ ಪರೀಕ್ಷಿಸಿ ನೋಡಲು ಪಕ್ಕದಲ್ಲೇ ಒಂದು ಪ್ರಯೋಗದ ಮಷೀನು. ಹೋದ ತಿಂಗಳು ಪ್ರಯೋಗದ್ದನ್ನು ಆರಿಸಲು ಹೋಗಿ, ಕಿಟಕಿ ತಪ್ಪಿ, ದೊಡ್ಡದನ್ನೇ ಆರಿಸಿಬಿಟ್ಟರು. ಇಪ್ಪತ್ತು ನಿಮಿಷ ಊರಿನ ಬೋರ್ಡುಗಳೆಲ್ಲ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತವು!

ಸಾಹೇಬರು ಕರೆಸಿ ಎರಡೇ ಮಾತು ಆಡಿದ್ದರಂತೆ. "ಇನ್ನೊಂದ್ಸಲ ಹೀಗಾದ್ರೆ ನೀವು ಕಳೆದುಹೋದ ವಸ್ತುಗಳ ಕೌಂಟರಿಗೆ. ಜನ ಮರೆತುಹೋದ ಛತ್ರಿ ಎಣಿಸ್ಕೊಂಡು ಕೂರಿ."

ಹದಿನೈದು ವರ್ಷ ಮಷೀನುಗಳ ಜೊತೆ ಮಾತಾಡಿದವರು ಛತ್ರಿಗಳ ಜೊತೆ ಬಾಳುವುದುಂಟೇ? ಅಂದಿನಿಂದ ಇವರಿಗೆ ಊಟ ಸೇರುತ್ತಿರಲಿಲ್ಲ. ಗುಂಡಿ ಒತ್ತುವ ಮೊದಲು ಕಿಟಕಿಗಳನ್ನು ಮೂರು ಮೂರು ಸಲ ಎಣಿಸುತ್ತಿದ್ದರು. ನನಗೆ ನೋಡಲಾಗಲಿಲ್ಲ. ಕೈಯಲ್ಲಿದ್ದ ಅಂಟಿನ ಬಾಟಲಿಯನ್ನು ಗದೆಯಂತೆ ಹಿಡಿದು ಹೊರಬಂದೆ.

"ರೀ, ನಮ್ಮ ಅಡುಗೆಮನೇಲಿ ನಲವತ್ತು ಡಬ್ಬಿ ಇದೆ. ಒಂದು ದಿನಾನಾದ್ರೂ ನಿಮ್ಮ ಟೀಗೆ ಸೋಪಿನ ಪುಡಿ ಹಾಕಿದೀನಾ?"

"ಇಲ್ಲ."

"ಯಾಕೆ ಹಾಕಿಲ್ಲ?"

"ನನ್ನ ಅದೃಷ್ಟ."

"ಅಲ್ಲ, ಚೀಟಿ! ಮೇಲೆ ಹೆಸರಿದ್ರೆ ಕೈ ತಪ್ಪಲ್ಲ. ಕಿಟಕಿಗಳಿಗೂ ಒಂದೊಂದು ಚೀಟಿ ಅಂಟಿಸಿ. ನನ್ನ ನೋಡಿ ಕಲೀರಿ. ಮದುವೆಯಾಗಿ ಎಂಟು ವರ್ಷ ಆಯ್ತು, ಒಂದೇ ಒಂದು ವಸ್ತು ಮರೆತಿದೀನಾ, ಕಳೆದಿದೀನಾ?"

(ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬಾರದು.)

ಇವರ ಮುಖ ಅರಳಿತು. ತೋಳೇರಿಸಿ ಕೂತರು. ಕಪ್ಪು ಕಿಟಕಿಯೊಳಗೆ ಶೆಲ್ ಎಂಬ ದ್ವಾರಪಾಲಕನೊಬ್ಬನಿರುತ್ತಾನಂತೆ. ನಾವು ಟೈಪ್ ಮಾಡಿದ ಅಪ್ಪಣೆಯನ್ನು ಮಷೀನಿಗೆ ಮುಟ್ಟಿಸುವವನು ಅವನೇ. ಯಾರು ಬಾಗಿಲು ತಟ್ಟಿದರೂ ಅವನು ಮೊದಲು ತನ್ನ ಸೆಟ್ಟಿಂಗ್ಸ್ ಫೈಲನ್ನು ಓದಿಕೊಳ್ಳುತ್ತಾನೆ. ಆ ಫೈಲಿನಲ್ಲಿ ಒಂದು ಸಾಲು ಸೇರಿಸಿದರೆ, ಬೇಕೆಂದ ಹೆಸರು ಕಿಟಕಿಯ ನೆತ್ತಿಗೇರುತ್ತದೆ. ಅಷ್ಟೇ!

"ಪ್ರಯೋಗದ ಮಷೀನಿಗೆ ಏನು ಹೆಸರಿಡ್ಲಿ?"

"ಆಟದ ಮೈದಾನ!" ಎಂದಳು ಪುಟ್ಟಿ. ಹಾಗೆಯೇ ನಾಮಕರಣವಾಯಿತು.

"ದೊಡ್ಡದಕ್ಕೆ?"

"ಅದಕ್ಕೆ ಬರೀ ಹೆಸರು ಸಾಲದು ಕಣ್ರೀ. ನಿಮ್ಮ ಕೈ ಹಿಡಿದು ನಿಲ್ಲಿಸ್ಬೇಕು. ಹೇಳ್ತೀನಿ, ಬರ್ಕೊಳ್ಳಿ. ಮರೆಗುಳಿ ಮಹಾಶಯರೇ, ಕಣ್ಣು ಬಿಟ್ಟು ನೋಡಿ, ಆಮೇಲೆ ಕೈ ಹಾಕಿ!"

ಬರೆದುಕೊಂಡರು. ಕಿಟಕಿ ತೆರೆದರು. ನೆತ್ತಿಯ ಮೇಲೆ ನನ್ನ ವಾಕ್ಯ ಜಗಜಗಿಸಿತು! ಮನುಷ್ಯ ಇಲ್ಲಿಗೆ ನಿಲ್ಲಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಗೆದ್ದ ಗಂಡಸು ಒಂದೇ ಕಿಟಕಿಗೆ ನಿಲ್ಲುತ್ತಾನೆಯೇ? ಆ ಸಾಲನ್ನು ತಮ್ಮೊಬ್ಬರ ಫೈಲಿನಿಂದ ಎತ್ತಿ, ದೊಡ್ಡ ಮಷೀನಿನ ಬಾಗಿಲು ತಟ್ಟುವವರಿಗೆಲ್ಲ ಅನ್ವಯಿಸುವ ಸಾರ್ವಜನಿಕ ಫೈಲಿಗೆ ಹಾಕಿದರು.

"ನಿಮ್ಮ ಕಿಟಕಿಗೆ ಹಾಕ್ಕೊಂಡ್ರೆ ಸಾಲ್ದಾ?"

"ಬೇರೆಯವ್ರು ತಪ್ಪು ಮಾಡಿದ್ರೂ ಬೈಗುಳ ನನಗೇ ತಾನೆ? ಇವತ್ತಿಂದ ಆ ಆಫೀಸಲ್ಲಿ ತಪ್ಪು ಅನ್ನೋದು ಬಂದ್!"

ಆ ಹುರುಪಿನಲ್ಲೇ ನಾನು ಪುಟ್ಟಿಯ ಹೊಸ ಸ್ಕೂಲ್ ಬ್ಯಾಗಿಗೂ ಒಂದು ಚೀಟಿ ಅಂಟಿಸಿದೆ. 'ಪುಟ್ಟಿಯ ಬ್ಯಾಗ್. ನೋಡಿಕೊಂಡು ಮುಟ್ಟಿ!'

ಸೋಮವಾರ ಬೆಳಗ್ಗೆ ಎಂಟು ಗಂಟೆ. ನಾನೂ ಪುಟ್ಟಿಯೂ ಬಸ್ ಸ್ಟಾಪಿನಲ್ಲಿದ್ದೆವು. ಬ್ಯಾಗನ್ನು ಬೆಂಚಿನ ಮೇಲಿಟ್ಟು ಅವಳ ಶೂ ಲೇಸು ಕಟ್ಟುತ್ತಿದ್ದೆ. ಪುಟ್ಟಿಗೆ ಈಚೆಗೆ ಕಂಡದ್ದನ್ನೆಲ್ಲ ಓದುವ ಚಟ. ಬೋರ್ಡಿನತ್ತ ಕತ್ತೆತ್ತಿ ಶುರು ಮಾಡಿದಳು.

"ಮ... ರೆ... ಗು... ಳಿ... ಮಹಾ..."

ನನ್ನ ಕೈ ಲೇಸಿನ ಮೇಲೆಯೇ ನಿಂತಿತು. ತಲೆಯೆತ್ತಿದೆ. 'ಸುಖಪ್ರಯಾಣ' ಎಂದು ಹರಿದಾಡಬೇಕಿದ್ದ ಜಾಗದಲ್ಲಿ, ಅರ್ಥವಾಗದ ಎರಡು ಚಿಹ್ನೆಗಳ ಹಿಂದೆ, ಕೆಂಪು ದೀಪಗಳಲ್ಲಿ ನನ್ನ ವಾಕ್ಯ ಮೆರವಣಿಗೆ ಹೊರಟಿತ್ತು! ಕೆಳಗೆ ಏನೂ ಆಗಿಲ್ಲವೆಂಬಂತೆ ಹನ್ನೆರಡನೇ ನಂಬರಿನ ಬಸ್ಸಿನ ವೇಳೆ.

"ಯಾರನ್ನ ಮರೆಗುಳಿ ಅಂತಿರೋದು? ನನಗೆ ಎಪ್ಪತ್ತಾಯ್ತು, ಒಂದಿನಾನೂ ಏನೂ ಮರೆತಿಲ್ಲ!" ಎಂದು ಗುಡುಗಿದ ಅಜ್ಜರೊಬ್ಬರು, ಇನ್ನೊಮ್ಮೆ ಸರಿಯಾಗಿ ಓದಲು ಕನ್ನಡಕಕ್ಕೆ ತಡಕಾಡಿ, ಅದು ಮನೆಯಲ್ಲೇ ಉಳಿದಿದೆಯೆಂದು ತಿಳಿದು ತಣ್ಣಗೆ ಹಿಂದಿರುಗಿದರು.

"ಕೈ ಹಾಕಿ ಅಂದ್ರೆ? ಯಾರ ಜೇಬಿಗೆ?" ಎಂದು ಮತ್ತೊಬ್ಬರು ತಮ್ಮ ಪರ್ಸು ಮುಟ್ಟಿ ನೋಡಿಕೊಂಡರು. ಅವರನ್ನು ನೋಡಿ ಸಾಲಿಗೆ ಸಾಲೇ ಜೇಬು ಮುಟ್ಟಿಕೊಂಡಿತು. ಒಬ್ಬಾಕೆ "ಅಯ್ಯೋ, ಇಸ್ತ್ರಿಪೆಟ್ಟಿಗೆ!" ಎಂದು ಕಿರುಚಿ ಮನೆಯ ಕಡೆ ಓಡಿದಳು.

ನಾನು ಫೋನ್ ಹಚ್ಚಿದೆ.

"ರೀ, ನಿಮ್ಮ ಕಿಟಕಿ ಬೀದಿಗೆ ಬಂದಿದೆ!"

"ಏನು?"

"ಬಸ್ ಬೋರ್ಡು ಜನರನ್ನ ಮರೆಗುಳಿ ಅಂತ ಬೈತಿದೆ. ನನ್ನ ವಾಕ್ಯ. ಒಂದಕ್ಷರ ತಪ್ಪಿಲ್ಲ!"

ಆ ಕಡೆಯಿಂದ, ಬಾವಿಯ ತಳದಿಂದೆಂಬಂತೆ, "ಎಷ್ಟು ಬೋರ್ಡಲ್ಲಿ?"

"ನಾನು ನಿಂತಿರೋದು ಒಂದೇ ಸ್ಟಾಪಲ್ಲಿ ಕಣ್ರೀ!"

"ಹಾಗಾದ್ರೆ ನಾನೂರಾ ಹನ್ನೆರಡರಲ್ಲೂ."

ಪುಟ್ಟಿ ನನ್ನ ತೋಳು ಜಗ್ಗಿದಳು. "ಅಮ್ಮಾ, ಬ್ಯಾ..."

"ಸುಮ್ನಿರು ಪುಟ್ಟಿ, ಅಪ್ಪನ ಕೆಲಸ ಹೋಗ್ತಿದೆ!"

ಬಸ್ಸು ಬಂತು. ಫೋನು ಕಿವಿಗೆ, ಮಗಳು ಕೈಗೆ. ಹತ್ತಿದೆವು. ಶಾಲೆಯ ಗೇಟಿನಲ್ಲಿ ಅವಳ ಬೆನ್ನು ತಟ್ಟಿ ಒಳಗೆ ಕಳಿಸಲು ಹೋದರೆ, ಬೆನ್ನು ಬರೀ ಬೆನ್ನಾಗಿತ್ತು.

"ಪುಟ್ಟಿ, ಬ್ಯಾಗೆಲ್ಲೇ?"

"ಬೆಂಚಿನ ಮೇಲೆ. ಹೇಳೋಕ್ ಬಂದೆ. ಸುಮ್ನಿರು ಅಂದೆ, ಸುಮ್ನಿದ್ದೆ."

ವಾಪಸ್ ಓಡಿದೆ. ಬೆಂಚು ಖಾಲಿ. ಬೋರ್ಡಿನಲ್ಲಿ ಅಷ್ಟರಲ್ಲಿ 'ಸುಖಪ್ರಯಾಣ' ಮರಳಿ ಬಂದಿತ್ತು. ಇವರಿಗೆ ಫೋನ್ ಮಾಡಲಿಲ್ಲ. ಮುಳುಗುತ್ತಿರುವವರ ತಲೆಯ ಮೇಲೆ ಬ್ಯಾಗು ಹೇರುವುದು ಹೆಂಡತಿಯಾದವಳ ಧರ್ಮವಲ್ಲ ಎಂದು ಡೈರಿಯಲ್ಲಿ ಬರೆದುಕೊಂಡೆ. ನಿಜವಾದ ಕಾರಣವನ್ನು ಡೈರಿಯಲ್ಲೂ ಬರೆಯಲಿಲ್ಲ.

ಸಂಜೆ ಇವರು ಬಂದು ಸೋಫಾದಲ್ಲಿ ಕುಸಿದರು. ಟೀ ಕೊಟ್ಟೆ. ಒಂದು ಗುಟುಕಿಗೆ ಒಂದು ವಾಕ್ಯದಂತೆ ವಿಷಯ ಹೊರಬಿತ್ತು. ದಿನಾ ಮೊದಲ ಬಸ್ಸಿಗೆ ಮುಂಚೆ ಆ ಬೋರ್ಡುಗಳೂ ದೊಡ್ಡ ಮಷೀನಿನ ಬಾಗಿಲು ತಟ್ಟಿ ವೇಳಾಪಟ್ಟಿ ಕೇಳುತ್ತವಂತೆ. ತಟ್ಟಿದ್ದು ಮನುಷ್ಯನೋ ಬೋರ್ಡೋ ಎಂದು ನೋಡಿ ಮಾತಾಡು ಅಂತ ಇವರು ದ್ವಾರಪಾಲಕನಿಗೆ ಹೇಳಿರಲಿಲ್ಲ! ಅವನು ನಿಷ್ಠೆಯಿಂದ ನನ್ನ ವಾಕ್ಯವನ್ನು ಮೊದಲು ಕೂಗಿ, ಆಮೇಲೆ ಪಟ್ಟಿ ಕೊಟ್ಟ. ಕಿಟಕಿಗಾದರೆ ನೆತ್ತಿಯಿದೆ, ಆ ಎರಡು ಚಿಹ್ನೆ ಕಂಡರೆ ಹೆಸರನ್ನು ಅಲ್ಲಿಗೇರಿಸಿಕೊಳ್ಳುತ್ತದೆ. ಬೋರ್ಡಿಗೆ ಇರುವುದು ಬರೀ ಮುಖ. ಮುಖಕ್ಕೇ ಬಳಿದುಕೊಂಡಿತು.

"ಸಾಹೇಬರು?"

"ಅರ್ಧ ಗಂಟೇಲಿ ಸರಿ ಮಾಡ್ದೆ, ನಾನೇ ಹೋಗಿ ತಪ್ಪು ಒಪ್ಕೊಂಡೆ. ಅವ್ರು ಬೆರಳು ತೋರಿಸಿದ್ರು. ಕೌಂಟರಿಗೆ."

"ಅಯ್ಯೋ! ಛತ್ರಿ ಎಣಿಸಿದ್ರಾ?"

"ಛತ್ರಿ ಇದ್ರೆ ತಾನೆ ಎಣಿಸೋದು! ದಿನಾ ಇಪ್ಪತ್ತು ಇಪ್ಪತ್ತೈದು ವಸ್ತು ಬರ್ತವಂತೆ. ಇವತ್ತು ನೊಣ ಹೊಡ್ಕೊಂಡು ಕೂತೆ. ಕೌಂಟರಿನಮ್ಮ ಗಾಬರಿಯಾಗಿ ಸಾಹೇಬರನ್ನೇ ಕರ್ಕೊಂಡ್ಬಂದ್ರು. ಬೆಳಗ್ಗೆ ಆ ಬೋರ್ಡ್ ಓದಿದ ಜನ ದಿನವಿಡೀ ಒಂದು ಕರ್ಚೀಫೂ ಬಿಟ್ಟಿಲ್ಲ! ಸಾಹೇಬರು ಖಾಲಿ ಕಪಾಟು ನೋಡಿದ್ರು, ನನ್ನನ್ನ ನೋಡಿದ್ರು. 'ನಾಳೆಯಿಂದ ನಿಮ್ಮ ಕುರ್ಚಿಗೆ ಹೋಗ್ರೀ. ಆ ಸಾಲು ನಿಮ್ಮ ಕಿಟಕಿ ದಾಟಿ ಆಚೆ ಬರಬಾರ್ದು' ಅಂದ್ರು."

ನನಗೆ ಕೊಂಬು ಮೂಡಿತು. "ನೋಡಿದ್ರಾ ನನ್ನ ವಾಕ್ಯದ ಮಹಿಮೆ! ಇಡೀ ಊರನ್ನೇ ಎಚ್ಚರಿಸಿಬಿಡ್ತು!"

"ಇಡೀ ಊರಲ್ಲ. ಒಬ್ಬರನ್ನ ಬಿಟ್ಟು." ಇವರು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. "ಒಂದೇ ಒಂದು ವಸ್ತು ಬಂತು. ಸ್ಕೂಲ್ ಬ್ಯಾಗ್. ಸಿಕ್ಕಿದ್ದು ಬೋರ್ಡಿನ ನೇರ ಕೆಳಗೆ, ಬೆಂಚಿನ ಮೇಲೆ. ಚೀಟೀನೂ ಅಂಟಿಸಿದಾರೆ. ಹೆಸರಿದೆ, ಗದರಿಕೆ ಇದೆ. ಫೋನ್ ನಂಬರಿಲ್ಲ, ವಿಳಾಸ ಇಲ್ಲ."

"ನಾನು ಹೇಳೋಕ್ ಬಂದೆ ಅಪ್ಪಾ!" ಎಂದಿತು ಬಾಗಿಲ ಮರೆಯ ಧ್ವನಿ.

ನಾನು ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡಿದೆ. "ನೀವೇ ತರಬಹುದಿತ್ತಲ್ಲ?"

"ನಿಯಮ. ಕಳ್ಕೊಂಡವರೇ ಬಂದು, ಹೇಗೆ ಕಳ್ಕೊಂಡೆ ಅಂತ ಬರೆದು ಸಹಿ ಹಾಕ್ಬೇಕು. ಅಷ್ಟು ದೊಡ್ಡ ಅಕ್ಷರದ ಕೆಳಗೇ ಮರೆತು ಹೋದ ಮಹಾಶಯರನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತ ಸಾಹೇಬರು ನಾಳೆ ಹತ್ತು ಗಂಟೆಗೆ ಅಲ್ಲೇ ಬಂದು ಕೂರ್ತಾರಂತೆ."

ಇವರು ನನ್ನ ಕೈ ಹಿಡಿದುಕೊಂಡರು. ಮದುವೆಯಾದ ಎಂಟು ವರ್ಷದಲ್ಲಿ ಅಷ್ಟು ದೀನವಾಗಿ ಏನನ್ನೂ ಕೇಳಿದವರಲ್ಲ.

"ಒಂದೇ ಒಂದು ಉಪಕಾರ ಮಾಡ್ತೀಯಾ? ನಾಳೆ ಹೋಗು, ಸಹಿ ಹಾಕು, ಬ್ಯಾಗ್ ತಗೊಂಡು ಬಾ. ನನ್ನ ಹೆಂಡ್ತಿ ಅಂತ ಬೇಕಾದ್ರೆ ಹೇಳ್ಕೋ. ಆ ವಾಕ್ಯ ಹೇಳಿಕೊಟ್ಟಿದ್ದು ನೀನೇ ಅಂತ ಮಾತ್ರ ಹೇಳ್ಬೇಡ!"